ಗಡಿ ಮುಚ್ಚಿತು, ದೋಣಿ ಇನ್ನೂ ಸಮುದ್ರದಲ್ಲಿದೆ: ಮುಂದೇನು?

ಪನಾಮಾದಿಂದ ಹೊರಟು ಪೆಸಿಫಿಕ್ ಸಾಗರದ ಮಾರ್ಕೇಸಸ್ ದ್ವೀಪಗಳನ್ನು ಮುಟ್ಟಲು ಹಾಯಿದೋಣಿಗೆ ಸುಮಾರು ಒಂದು ತಿಂಗಳು ಬೇಕು. ದೂರ ಹೆಚ್ಚುಕಡಿಮೆ 4,000 ನಾಟಿಕಲ್ ಮೈಲಿ, ಅಂದರೆ 7,400 ಕಿಲೋಮೀಟರ್. ದಾರಿಯಲ್ಲಿ ಗಲಾಪಗೋಸ್ ಬಿಟ್ಟರೆ ಕಾಲಿಡಲು ನೆಲವೇ ಸಿಗುವುದಿಲ್ಲ ಎನ್ನಬಹುದು. 2020ರ ಮಾರ್ಚ್ ಶುರುವಿನಲ್ಲಿ ಈ ದಾರಿ ಹಿಡಿದವರು ಕಾಗದಪತ್ರ ಎಲ್ಲ ಸರಿ ಮಾಡಿಕೊಂಡೇ ಹೊರಟಿದ್ದರು. ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆಯಿತು. ಆಮೇಲಿನ ಕೆಲವೇ ದಿನಗಳಲ್ಲಿ ಒಂದರ ಹಿಂದೆ ಒಂದು ದೇಶ ಬಾಗಿಲು ಹಾಕಿತು. ದೋಣಿಯವರು ಆಗ ಸಾಗರದ ನಟ್ಟನಡುವೆ ಇದ್ದರು. ಕೆಲವರಿಗೆ ಸುದ್ದಿ ತಿಳಿದದ್ದೇ ದಡ ಹತ್ತಿರ ಬಂದಾಗ.

ವಿಮಾನದವರಿಗೆ ಹೀಗಾದರೆ ಟಿಕೆಟ್ ರದ್ದು ಮಾಡಿ ಮನೆಯಲ್ಲಿ ಕೂರಬಹುದು. ರಸ್ತೆಯಲ್ಲಿ ಹೋಗುವವರು ಚೆಕ್‌ಪೋಸ್ಟಿನಿಂದ ಗಾಡಿ ತಿರುಗಿಸಬಹುದು. ದೋಣಿಯವರ ಕತೆ ಹಾಗಲ್ಲ. ಯಾಕೆ ಅಂತ ಅರ್ಥವಾಗಬೇಕಾದರೆ ನೀರಿನ ಮೇಲೆ ಗಡಿ ಹೇಗೆ ಕೆಲಸ ಮಾಡುತ್ತದೆ ಎಂಬಲ್ಲಿಂದ ಶುರು ಮಾಡಬೇಕು.

ಅದಕ್ಕೂ ಮೊದಲು ಒಂದು ಮಾತು. ವಿಹಾರ ದೋಣಿ ಅಂದರೆ ದುಡಿಮೆಗಲ್ಲದೆ ಖುಷಿಗಾಗಿ ಓಡಿಸುವ ದೋಣಿ. ಸರೋವರದಲ್ಲಿ ಭಾನುವಾರ ಸುತ್ತಾಡುವ ಮೋಟರ್ ಬೋಟೂ ಇದೇ, ಮನೆ ಬಿಟ್ಟು ಮೂರು ವರ್ಷ ಭೂಮಿ ಸುತ್ತುವ ಹಾಯಿದೋಣಿಯೂ ಇದೇ. ಸರಕು ಹಡಗು ಇದರಲ್ಲಿ ಸೇರುವುದಿಲ್ಲ. ಸರಕು ಹಡಗು ನಿಂತರೆ ಅಂಗಡಿ ಖಾಲಿಯಾಗುತ್ತದೆ, ಹಾಗಾಗಿ ಕೋವಿಡ್ ಕಾಲದಲ್ಲೂ ಅದಕ್ಕೆ ದಾರಿ ಬಿಟ್ಟರು. ವಿಹಾರ ದೋಣಿ ಬರದಿದ್ದರೆ ಯಾರ ಒಲೆಯೂ ಆರುವುದಿಲ್ಲ ಎಂದು ಸರ್ಕಾರಗಳು ಲೆಕ್ಕ ಹಾಕಿದವು. ದೋಣಿಯವರ ಖರ್ಚನ್ನೇ ನಂಬಿಕೊಂಡ ಸಣ್ಣ ದ್ವೀಪಗಳಲ್ಲಿ ಈ ಲೆಕ್ಕ ಅಷ್ಟು ಸರಿಯಿರಲಿಲ್ಲ, ಅದು ಬೇರೆ ಮಾತು.

ನೀರಿನ ಮೇಲೆ ಗಡಿ ಎಲ್ಲಿದೆ?

ನೆಲದ ಮೇಲೆ ಗಡಿ ಒಂದು ಗೆರೆ. ಸಮುದ್ರದಲ್ಲಿ ಅದು ಪಟ್ಟಿ ಪಟ್ಟಿಯಾಗಿ ಹರಡಿಕೊಂಡಿದೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಈ ಪಟ್ಟಿಗಳನ್ನು ಹೇಳುತ್ತದೆ. ಒಂದು ಮನೆಯನ್ನು ನೆನೆಸಿಕೊಳ್ಳಿ. ಬಂದರು, ನದಿಯ ಬಾಯಿ, ಮುಚ್ಚಿದ ಕೊಲ್ಲಿ, ಇವೆಲ್ಲ ಮನೆಯ ಒಳಕೋಣೆ ಇದ್ದಂತೆ. ಕರೆಯದೆ ಅಲ್ಲಿಗೆ ಕಾಲಿಡುವಂತಿಲ್ಲ. ಅಲ್ಲಿಂದ ಹೊರಗೆ 12 ನಾಟಿಕಲ್ ಮೈಲಿವರೆಗೆ, ಅಂದರೆ ಸುಮಾರು 22 ಕಿಲೋಮೀಟರ್, ಅಂಗಳ. ಅದೂ ಆ ದೇಶದ್ದೇ, ಆದರೆ ದಾರಿಹೋಕರು ಸುಮ್ಮನೆ ಹಾದುಹೋಗಬಹುದು. ಅದರಾಚೆ 24 ಮೈಲಿವರೆಗಿನ ಪಟ್ಟಿಯಲ್ಲಿ ದೇಶಕ್ಕೆ ಪೂರ್ತಿ ಅಧಿಕಾರ ಇಲ್ಲ. ಆದರೂ ಕಸ್ಟಮ್ಸ್, ತೆರಿಗೆ, ವಲಸೆ ಮತ್ತು ಆರೋಗ್ಯದ ನಿಯಮ ಮುರಿಯಲು ಬರುವವರನ್ನು ಅಲ್ಲೇ ತಡೆಯಬಹುದು. ಆರೋಗ್ಯ ಎಂಬ ಮಾತು ಒಪ್ಪಂದದಲ್ಲೇ ಇದೆ ಎಂಬುದನ್ನು ಗಮನಿಸಿ.

ಅಂಗಳದಲ್ಲಿ ಹಾದುಹೋಗುವ ಈ ಹಕ್ಕಿಗೆ ಇನೋಸೆಂಟ್ ಪ್ಯಾಸೇಜ್ ಎಂದು ಹೆಸರು. ಕನ್ನಡದಲ್ಲಿ ನಿರುಪದ್ರವಿ ಸಂಚಾರ ಅನ್ನಬಹುದು. ಇದಕ್ಕೆ ಒಂದು ಷರತ್ತಿದೆ: ನಿಲ್ಲದೆ, ತಡಮಾಡದೆ ಹೋಗಬೇಕು. ಲಂಗರು ಹಾಕಿ ಈಜಾಡುತ್ತೇನೆ, ಊಟ ಮುಗಿಸಿ ಹೊರಡುತ್ತೇನೆ ಅಂದರೆ ಅದು ಸಂಚಾರ ಅಲ್ಲ, ಭೇಟಿ. ಮಾಮೂಲಿ ದಿನಗಳಲ್ಲಿ ಈ ವ್ಯತ್ಯಾಸಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಗಡಿ ಮುಚ್ಚಿದ ದಿನ ಎಲ್ಲವೂ ಇದರ ಮೇಲೇ ನಿಲ್ಲುತ್ತದೆ.

ಒಂದು ದೋಣಿ, ಮೂರು ಬೀಗ

ದೋಣಿ ಹೊಸ ದೇಶಕ್ಕೆ ಬಂದಾಗ ಎಲ್ಲೆಂದರಲ್ಲಿ ದಡ ಸೇರುವಂತಿಲ್ಲ. ಸರ್ಕಾರ ಗೊತ್ತುಮಾಡಿದ ಪ್ರವೇಶ ಬಂದರಿಗೇ ಹೋಗಬೇಕು. ಅಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ದೋಣಿಯಲ್ಲಿ ಇರುವ ಜನ ಯಾರು? ಇದು ವಲಸೆ ಇಲಾಖೆಯ ಕೆಲಸ, ಪಾಸ್‌ಪೋರ್ಟ್ ಮತ್ತು ವೀಸಾ ಇಲ್ಲಿ ಬರುತ್ತದೆ. ದೋಣಿ ಯಾರದು, ಎಷ್ಟು ದಿನ ಇರುತ್ತದೆ? ಇದು ಕಸ್ಟಮ್ಸ್. ಅವರ ಕಣ್ಣಿಗೆ ದೋಣಿ ಒಂದು ಬೆಲೆಬಾಳುವ ಸಾಮಾನು. ಗಡುವು ಮೀರಿ ಇಟ್ಟುಕೊಂಡರೆ ತೆರಿಗೆ ಬೀಳುತ್ತದೆ. ದೋಣಿಯಲ್ಲಿ ರೋಗ ಇದೆಯಾ? ಇದು ಆರೋಗ್ಯ ಇಲಾಖೆ. ಅವರು ಕೇಳುವ ಸಾಗರ ಆರೋಗ್ಯ ಘೋಷಣೆ ಎಂಬ ಕಾಗದದಲ್ಲಿ ಯಾರಿಗಾದರೂ ಕಾಯಿಲೆ ಆಗಿದೆಯಾ, ಕಳೆದ 30 ದಿನಗಳಲ್ಲಿ ಯಾವ ಬಂದರುಗಳಿಗೆ ಹೋಗಿದ್ದಿರಿ ಎಂದೆಲ್ಲ ಬರೆಯಬೇಕು.

ಮೂರೂ ಬೀಗ ತೆರೆಯುವವರೆಗೆ ದೋಣಿಯವರು ಕಂಬಕ್ಕೆ ಹಳದಿ ಬಾವುಟ ಏರಿಸಿ ಕಾಯುತ್ತಾರೆ. ಹಳದಿ ಬಾವುಟ ಅಂದರೆ ಒಳಗೆ ರೋಗ ಇದೆ ಎಂದು ಬಹಳ ಜನ ತಿಳಿದಿದ್ದಾರೆ. ಈಗ ಅದರ ಅರ್ಥ ಪೂರ್ತಿ ಉಲ್ಟಾ: ನಮ್ಮ ದೋಣಿ ಆರೋಗ್ಯವಾಗಿದೆ, ಒಳಗೆ ಬರಲು ಅನುಮತಿ ಕೊಡಿ.

ಇನ್ನೊಂದು ಕಾಗದ ಇದೆ, ಹೊರಡುವ ಚೀಟಿ. ಒಂದು ದೇಶ ಬಿಡುವಾಗ ಅಲ್ಲಿನ ಅಧಿಕಾರಿಗಳು ಇದನ್ನು ಕೊಡುತ್ತಾರೆ. ಮುಂದಿನ ಬಂದರು ಯಾವುದು ಎಂದು ಅದರಲ್ಲಿ ಬರೆದಿರುತ್ತದೆ. ಮುಂದಿನ ದೇಶ ಮೊದಲು ಕೇಳುವುದೇ ಇದನ್ನು. ಈಗ ಯೋಚಿಸಿ. ಚೀಟಿಯಲ್ಲಿ ಬರೆದ ಬಂದರು ನೀವು ದಾರಿಯಲ್ಲಿ ಇರುವಾಗಲೇ ಮುಚ್ಚಿತು. ಬಿಟ್ಟುಬಂದ ದೇಶದ ದಾಖಲೆಯ ಪ್ರಕಾರ ನೀವು ಹೊರಟುಹೋದವರು. ಅದೂ ಈಗ ವಿದೇಶಿ ದೋಣಿಗಳನ್ನು ಬಿಡುತ್ತಿಲ್ಲ. ಆ ಚೀಟಿ ಹಿಡಿದುಕೊಂಡು ನೀವು ಯಾವ ದೇಶಕ್ಕೂ ಸೇರದ ನೀರಿನಲ್ಲಿ ಇದ್ದೀರಿ. 2020ರಲ್ಲಿ ಇದು ಊಹೆಯ ಮಾತಾಗಿರಲಿಲ್ಲ.

ಗಡಿ ಮುಚ್ಚಿದೆ ಎಂಬ ಒಂದೇ ಮಾತು ಈ ಮೂರು ಬೀಗಗಳಲ್ಲಿ ಯಾವುದಕ್ಕೆ ಅನ್ವಯಿಸುತ್ತದೆ ಎಂದು ಪ್ರತಿ ಸಲ ಕೇಳಬೇಕಾಗುತ್ತದೆ. ಕೆಲವೆಡೆ ಪ್ರಜೆಗಳಿಗೆ ಬಾಗಿಲು ತೆರೆದಿತ್ತು, ಅವರ ಜೊತೆ ಇರುವ ವಿದೇಶಿ ಗೆಳೆಯರಿಗೆ ಇರಲಿಲ್ಲ. ಇನ್ನು ಕೆಲವೆಡೆ ವಿಮಾನದಲ್ಲಿ ಬಂದವರನ್ನು ಬಿಟ್ಟರು, ದೋಣಿಯಲ್ಲಿ ಬಂದವರನ್ನು ಬಿಡಲಿಲ್ಲ.

ದ್ವೀಪಗಳು ಅಷ್ಟೊಂದು ಹೆದರಿದ್ದೇಕೆ?

ಹಡಗಿನ ಜೊತೆ ರೋಗ ಬರುತ್ತದೆ ಎಂಬ ಭಯ ಹಳೆಯದು. ಕ್ರೊಯೇಷಿಯಾದ ಬಂದರು ನಗರ, ಇಂದಿನ ಡುಬ್ರೊವ್ನಿಕ್, ಆಗಿನ ರಗುಸಾ, 1377ರಲ್ಲೇ ಪ್ಲೇಗ್ ಇದ್ದ ಊರುಗಳಿಂದ ಬಂದವರು 30 ದಿನ ಹೊರಗೇ ಇರಬೇಕು ಎಂದು ಕಾನೂನು ಮಾಡಿತ್ತು. ಮುಂದೆ ಅದು 40 ದಿನವಾಯಿತು. ನಲವತ್ತು ಎಂಬುದಕ್ಕೆ ವೆನಿಸ್‌ನವರ ಮಾತಿನಲ್ಲಿದ್ದ ಪದದಿಂದಲೇ ಕ್ವಾರಂಟೈನ್ ಹುಟ್ಟಿದ್ದು.

ಪೆಸಿಫಿಕ್ ದ್ವೀಪಗಳಿಗೆ ಇದು ಇನ್ನೂ ಹತ್ತಿರದ ನೆನಪು. 1918ರ ನವೆಂಬರ್ 7ರಂದು ಆಕ್ಲೆಂಡಿನಿಂದ ಟಲುನೆ ಎಂಬ ಹಡಗು ಪಶ್ಚಿಮ ಸಮೋವಾದ ಆಪಿಯಾಕ್ಕೆ ಬಂತು. ಅದರಲ್ಲಿ ಫ್ಲೂ ಜ್ವರದವರಿದ್ದರು. ಯಾರೂ ತಡೆಯಲಿಲ್ಲ. ಕೆಲವೇ ವಾರಗಳಲ್ಲಿ ಆ ದ್ವೀಪದ ಸುಮಾರು ಐದರಲ್ಲಿ ಒಬ್ಬರು ಸತ್ತರು. ಪಕ್ಕದಲ್ಲೇ ಇದ್ದ ಅಮೆರಿಕನ್ ಸಮೋವಾ ಹಡಗುಗಳನ್ನು ದೂರವೇ ನಿಲ್ಲಿಸಿತು. ಅಲ್ಲಿ ಆ ಜ್ವರಕ್ಕೆ ಒಬ್ಬರೂ ಸಾಯಲಿಲ್ಲ. ಒಂದೇ ಸಮುದ್ರ, ಒಂದೇ ಜನ. ಒಂದು ಕಡೆ ಹಡಗನ್ನು ಬಿಟ್ಟರು, ಇನ್ನೊಂದು ಕಡೆ ಬಿಡಲಿಲ್ಲ. ನೂರು ವರ್ಷದ ಬಳಿಕ ಇಬ್ಬರೇ ಇರುವ ಪುಟ್ಟ ಹಾಯಿದೋಣಿಗೂ ಆ ಭಾಗದ ದ್ವೀಪಗಳು ಬಾಗಿಲು ಹಾಕಿದ್ದು ಕ್ರೂರ ಎಂದು ದೋಣಿಯವರಿಗೆ ಅನಿಸಿರಬಹುದು. ಈ ಹಿನ್ನೆಲೆ ಗೊತ್ತಿದ್ದರೆ ಅದು ಅಷ್ಟು ವಿಚಿತ್ರವಾಗಿ ಕಾಣುವುದಿಲ್ಲ.

ಆಸ್ಪತ್ರೆಯ ಲೆಕ್ಕವೂ ಇದೆ. ಸಣ್ಣ ದ್ವೀಪದಲ್ಲಿ ಕೃತಕ ಉಸಿರಾಟದ ಯಂತ್ರಗಳು ಬೆರಳೆಣಿಕೆಯಷ್ಟು ಇದ್ದರೆ, ಹೊರಗಿನ ಒಬ್ಬ ರೋಗಿಯೂ ಹೊರೆಯೇ.

ವಾಪಸ್ ಹೋಗೋಣ ಅಂದರೆ ಗಾಳಿ ಬಿಡಬೇಕಲ್ವಾ?

ಇಡೀ ವಿಷಯದ ಗಂಟು ಇರುವುದು ಇಲ್ಲಿ. ದೂರ ಹೋಗುವ ಹಾಯಿದೋಣಿಯ ಯೋಜನೆಯನ್ನು ಬರೆಯುವುದು ಮನುಷ್ಯರಲ್ಲ, ಗಾಳಿ.

ಉಷ್ಣವಲಯದಲ್ಲಿ ವರ್ಷದ ಬಹುಪಾಲು ಪೂರ್ವದಿಂದ ಪಶ್ಚಿಮಕ್ಕೆ ಗಾಳಿ ಬೀಸುತ್ತದೆ. ಇದನ್ನು ವಾಣಿಜ್ಯ ಮಾರುತ ಎನ್ನುತ್ತಾರೆ. ಹಾಯಿದೋಣಿಗಳು ಇದರ ಬೆನ್ನೇರಿ ಅಟ್ಲಾಂಟಿಕ್ ದಾಟುತ್ತವೆ, ಪೆಸಿಫಿಕ್ ದಾಟುತ್ತವೆ. ಸಾಮಾನ್ಯ ಹಾಯಿದೋಣಿಯ ವೇಗ ಗಂಟೆಗೆ 5–6 ನಾಟಿಕಲ್ ಮೈಲಿ, ಮನುಷ್ಯ ನಿಧಾನಕ್ಕೆ ಓಡುವಷ್ಟು. ಗಾಳಿಯ ಜೊತೆ ಹೋದರೆ ದಿನಕ್ಕೆ 120–150 ಮೈಲಿ ಸಾಗುತ್ತದೆ. ಗಾಳಿಗೆ ಎದುರಾಗಿ ಹೋಗಬೇಕಾದರೆ ಅಂಕುಡೊಂಕಾಗಿ ಸಾಗಬೇಕು, ಅಲೆ ಮುಖಕ್ಕೆ ಹೊಡೆಯುತ್ತದೆ, ದೂರ ಹೆಚ್ಚಾಗುತ್ತದೆ, ಸಾಮಾನು ಮುರಿಯುತ್ತದೆ. ಎಂಜಿನ್ ಇಲ್ವಾ ಅಂದರೆ ಇದೆ. ಆದರೆ ಬಂದರಿನ ಒಳಗೆ ಹೊರಗೆ ಹೋಗಲು, ಗಾಳಿ ನಿಂತಾಗ ಒಂದಿಷ್ಟು ದೂರ ತಳ್ಳಲು ಸಾಕಾಗುವಷ್ಟೇ ಇಂಧನ ಹಿಡಿಸುತ್ತದೆ. ಸಾವಿರಾರು ಕಿಲೋಮೀಟರ್ ವಾಪಸ್ ಬರಲು ಅಲ್ಲ. ಒಂದು ತಿಂಗಳ ಪ್ರಯಾಣ ಮುಗಿಸಿದ ದೋಣಿಯಲ್ಲಿ ದಿನಸಿಯೂ ತಳ ಕಂಡಿರುತ್ತದೆ. ಹಾಗಾಗಿ ಬಂದ ದಾರಿಗೆ ಸುಂಕವಿಲ್ಲ ಎಂದು ತಿರುಗಿ ಹೋಗುವ ಗಾದೆ ಇಲ್ಲಿ ನಡೆಯುವುದಿಲ್ಲ.

ಒಂದೇ ಕಡೆ ಕೂತಿರೋಣ ಅಂದರೆ ಅದಕ್ಕೂ ಋತು ಅಡ್ಡ ಬರುತ್ತದೆ. ಅಟ್ಲಾಂಟಿಕ್‌ನಲ್ಲಿ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಕೆರಿಬಿಯನ್ನಿನಲ್ಲಿ ಚಳಿಗಾಲ ಕಳೆದ ದೋಣಿಗಳು ಅದರೊಳಗೆ ಒಂದೋ ಉತ್ತರಕ್ಕೆ ಅಮೆರಿಕ, ಯುರೋಪ್ ಕಡೆ ಹೊರಡುತ್ತವೆ, ಇಲ್ಲವೇ ದಕ್ಷಿಣಕ್ಕೆ ಗ್ರೆನಡಾ, ಟ್ರಿನಿಡಾಡ್ ಕಡೆ ಇಳಿಯುತ್ತವೆ. ಅಲ್ಲಿಗೆ ದೊಡ್ಡ ಬಿರುಗಾಳಿ ಬರುವುದು ಕಡಿಮೆ. ಇದು ಬರೀ ಜಾಣತನದ ಮಾತಲ್ಲ, ವಿಮೆಯ ಷರತ್ತು ಕೂಡ. ಎಷ್ಟೋ ಪಾಲಿಸಿಗಳಲ್ಲಿ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ದೋಣಿ ಬಿರುಗಾಳಿಯ ಪಟ್ಟಿ, ಅಂದರೆ ಬಿರುಗಾಳಿ ಬೀಸುವ ಸಮುದ್ರಭಾಗದ ಹೊರಗಿರಬೇಕು, ಇಲ್ಲದಿದ್ದರೆ ಬಿರುಗಾಳಿಯ ನಷ್ಟ ಕೊಡುವುದಿಲ್ಲ ಎಂದು ಬರೆದಿರುತ್ತದೆ.

2020ರ ಮಾರ್ಚ್ ಕೊನೆಯಲ್ಲಿ ಟ್ರಿನಿಡಾಡ್ ಮುಚ್ಚಿತು. ದೋಣಿಗಳನ್ನು ದಡಕ್ಕೆ ಎತ್ತಿ ದುರಸ್ತಿ ಮಾಡುವ ದೊಡ್ಡ ಯಾರ್ಡುಗಳು ಅಲ್ಲಿನ ಶಾಗ್ವರಾಮಸ್‌ನಲ್ಲಿವೆ. ಅದು ಮತ್ತೆ ತೆರೆದದ್ದು 2021ರ ಜುಲೈ 17ರಂದು. ಅಂದರೆ ಒಂದು ಪೂರ್ತಿ ಚಂಡಮಾರುತದ ಕಾಲ ಕಳೆದು ಇನ್ನೊಂದು ಶುರುವಾದ ಮೇಲೆ. ಗ್ರೆನಡಾ ಬೇರೆ ದಾರಿ ಹಿಡಿಯಿತು. ಜೂನ್ ಹೊತ್ತಿಗೆ, ಮೊದಲೇ ಹೆಸರು ಕೊಟ್ಟ ದೋಣಿಗಳನ್ನು ಒಳಗೆ ಬಿಟ್ಟು, ಲಂಗರು ಹಾಕಿದಲ್ಲೇ ದೋಣಿಯೊಳಗೆ 14 ದಿನ ಕ್ವಾರಂಟೈನ್ ಇರಿ ಎಂದಿತು. ಸರಳ ಉಪಾಯ. ದೋಣಿಯವರ ಮನೆ ಅವರ ಜೊತೆಯೇ ಇರುತ್ತದೆ, ಹೋಟೆಲ್ ಹುಡುಕುವ ಗೋಜಿಲ್ಲ.

ದಕ್ಷಿಣ ಪೆಸಿಫಿಕ್‌ನಲ್ಲಿ ಕ್ಯಾಲೆಂಡರ್ ತಲೆಕೆಳಗು. ಅಲ್ಲಿ ಬಿರುಗಾಳಿಯ ಕಾಲ ನವೆಂಬರ್‌ನಿಂದ ಏಪ್ರಿಲ್. ಪ್ರತಿ ವರ್ಷ ಅಕ್ಟೋಬರ್–ನವೆಂಬರ್‌ನಲ್ಲಿ ನೂರಾರು ದೋಣಿಗಳು ನ್ಯೂಜಿಲೆಂಡ್‌ಗೋ ಆಸ್ಟ್ರೇಲಿಯಾಕ್ಕೋ ಇಳಿಯುವುದು ವಾಡಿಕೆ. ನ್ಯೂಜಿಲೆಂಡ್ 2020ರ ಮಾರ್ಚ್ 19ರಂದು ವಿದೇಶಿಯರಿಗೆ ಗಡಿ ಮುಚ್ಚಿತು, ಜೂನ್ 30ರಂದು ಸಮುದ್ರದ ಗಡಿಗೇ ಪ್ರತ್ಯೇಕ ಆದೇಶ ತಂದಿತು. ದೊಡ್ಡ ಮೊತ್ತದ ದುರಸ್ತಿ ಕೆಲಸ ಇದ್ದವರಿಗೆ, ಮಾನವೀಯ ಕಾರಣ ಇದ್ದವರಿಗೆ ಅರ್ಜಿ ಹಾಕಿದರೆ ವಿನಾಯಿತಿ ಇತ್ತು. ಚಂಡಮಾರುತದ ಕಾಲ ಬರುತ್ತಿದೆ ಎಂಬ ಒಂದೇ ಕಾರಣ ಸಾಕಾಗಲಿಲ್ಲ. ಅನುಮತಿ ಇಲ್ಲದೆ ಬಂದ ದೋಣಿಯವರನ್ನು ದೇಶದಿಂದ ವಾಪಸ್ ಕಳಿಸಿದ್ದೂ ಉಂಟು. ವಿಹಾರ ದೋಣಿಗಳಿಗೆ ಆ ದೇಶ ಮತ್ತೆ ಬಾಗಿಲು ತೆರೆದದ್ದು 2022ರ ಜುಲೈ 31ಕ್ಕೆ. ಎರಡು ವರ್ಷಕ್ಕಿಂತ ಜಾಸ್ತಿ.

ಬಿರುಗಾಳಿಯ ಭಯ ಕಾಗದದ ಮೇಲಿನದೂ ಅಲ್ಲ. 2020ರ ಏಪ್ರಿಲ್‌ನಲ್ಲಿ ಹೆರಾಲ್ಡ್ ಚಂಡಮಾರುತ ವನುವಾಟು, ಫಿಜಿ, ಟೊಂಗಾಗಳನ್ನು ಜಪ್ಪಿತು. ಗಡಿ ಮುಚ್ಚಿದ್ದರಿಂದ ಪರಿಹಾರದ ಕೆಲಸವೇ ನಿಧಾನವಾಯಿತು. ಮುಂದೆ ಹೋದರೆ ಬೀಗ, ಇದ್ದಲ್ಲೇ ಇದ್ದರೆ ಬಿರುಗಾಳಿ. ಅತ್ತ ದರಿ ಇತ್ತ ಪುಲಿ ಎಂದರೆ ಇದೇ.

ಸಮುದ್ರದಲ್ಲಿ ಕಳೆದ ದಿನ ಲೆಕ್ಕಕ್ಕೆ ಬರುತ್ತದಾ?

ದೋಣಿಯವರು ಎಲ್ಲ ಕಡೆ ಕೇಳಿದ ಪ್ರಶ್ನೆ ಇದು. ಇಬ್ಬರೇ ಮೂರು ವಾರ ಸಾಗರದಲ್ಲಿದ್ದೆವು, ಒಬ್ಬರ ಮುಖ ನೋಡಿಲ್ಲ, ಕಾಯಿಲೆ ಇದ್ದಿದ್ದರೆ ಇಷ್ಟೊತ್ತಿಗೆ ಗೊತ್ತಾಗುತ್ತಿರಲಿಲ್ವಾ? ಇದಕ್ಕಿಂತ ಒಳ್ಳೆಯ ಕ್ವಾರಂಟೈನ್ ಯಾವುದು?

ಮಾತು ಸರಿ. ಆದರೆ ಅಧಿಕಾರಿ ಅದನ್ನು ನಂಬುವುದು ಹೇಗೆ? ನಡುವೆ ಯಾವುದೋ ದ್ವೀಪದಲ್ಲಿ ಇಳಿದಿರಬಹುದು, ಇನ್ನೊಂದು ದೋಣಿಯವರ ಜೊತೆ ಸೇರಿರಬಹುದು. ಪುರಾವೆ ಬೇಕು. ಫಿಜಿ ಇದಕ್ಕೆ 2020ರ ಜೂನ್‌ನಲ್ಲಿ ಬ್ಲೂ ಲೇನ್ ಎಂಬ ವ್ಯವಸ್ಥೆ ತಂದಿತು. ಹೊರಡುವ ಮೊದಲು ಕೋವಿಡ್ ಪರೀಕ್ಷೆ ಮಾಡಿಸಬೇಕು. ದಾರಿಯಲ್ಲಿ ಎಲ್ಲೂ ನಿಲ್ಲಬಾರದು. ಗೊತ್ತುಮಾಡಿದ ಡೆನರಾವ್ ಬಂದರಿಗೇ ಬರಬೇಕು. ಹೀಗೆ ಬಂದರೆ ಸಮುದ್ರದಲ್ಲಿ ಕಳೆದ ದಿನಗಳನ್ನು 14 ದಿನದ ಕ್ವಾರಂಟೈನ್ ಲೆಕ್ಕಕ್ಕೆ ಸೇರಿಸುತ್ತಿದ್ದರು. ಪ್ರಯಾಣಕ್ಕೇ 14 ದಿನ ಹಿಡಿದಿದ್ದರೆ, ಬಂದ ಮೇಲೆ ಮತ್ತೊಂದು ಪರೀಕ್ಷೆ ಮುಗಿಸಿ ಇಳಿಯಬಹುದಿತ್ತು.

ನನಗೆ ಕಂಡಂತೆ ಆ ವರ್ಷ ಯಾವುದೇ ದೇಶ ವಿಹಾರ ದೋಣಿಗಳಿಗೆ ಮಾಡಿದ ನಿಯಮಗಳಲ್ಲಿ ದೋಣಿಯ ಸ್ವಭಾವವನ್ನು ಅರ್ಥ ಮಾಡಿಕೊಂಡು ಬರೆದದ್ದು ಇದೇ. ಬೇರೆ ಎಷ್ಟೋ ಕಡೆ ವಿಮಾನದ ನಿಯಮವನ್ನೇ ತಂದು ದೋಣಿಗೆ ಅಂಟಿಸಿದ್ದರು. ಫಿಜಿಯೂ ಬಿರುಗಾಳಿಯ ಪಟ್ಟಿಯಲ್ಲೇ ಇದೆ ನಿಜ. ಆದರೆ ಅಲ್ಲಿ ದೋಣಿ ಅಡಗಿಸಲು ಮ್ಯಾಂಗ್ರೋವ್ ಕಾಡಿನ ಒಳತೋಡುಗಳಿವೆ. ವುಡಾ ಎಂಬ ಮರೀನಾದಲ್ಲಿ, ಅಂದರೆ ವಿಹಾರ ದೋಣಿ ನಿಲ್ಲಿಸುವ ಬಂದರಿನಲ್ಲಿ, ನೆಲದಲ್ಲಿ ಗುಂಡಿ ತೋಡಿ, ದೋಣಿಯ ತಳದಿಂದ ಕೆಳಗೆ ಚಾಚಿಕೊಂಡ ಕೀಲ್ ಎಂಬ ಭಾಗವನ್ನು ಅದರೊಳಗೆ ಇಳಿಸಿ ನಿಲ್ಲಿಸುತ್ತಾರೆ. ಗಾಳಿಗೆ ಮಗುಚದಿರಲಿ ಎಂದು.

ಆಚೆ ದಡ ಕಾಣುತ್ತದೆ, ಹೋಗುವಂತಿಲ್ಲ

ಸಾಗರ ದಾಟುವವರ ಕತೆ ದೊಡ್ಡದಾಗಿ ಕಂಡರೂ ಸಂಖ್ಯೆಯಲ್ಲಿ ಅವರು ಕಡಿಮೆ. ಅಮೆರಿಕ ಮತ್ತು ಕೆನಡಾ ನಡುವೆ ಸರೋವರ, ನದಿ, ಜಲಸಂಧಿಗಳ ಉದ್ದಕ್ಕೂ ವಾರಾಂತ್ಯದ ದೋಣಿಯವರು ಓಡಾಡುತ್ತಿರುತ್ತಾರೆ. ಬೆಳಗ್ಗೆ ಒಂದು ದೇಶ, ಮಧ್ಯಾಹ್ನದ ಊಟ ಇನ್ನೊಂದು ದೇಶ. ಗಡಿ ದಾಟಿದ್ದನ್ನು ಫೋನ್‌ನಲ್ಲಿ ತಿಳಿಸಿದರೆ ಎಷ್ಟೋ ಸಲ ಸಾಕಾಗುತ್ತಿತ್ತು.

2020ರ ಮಾರ್ಚ್ 21ಕ್ಕೆ ಅಗತ್ಯವಿಲ್ಲದ ಪ್ರಯಾಣಕ್ಕೆ ಈ ಗಡಿ ಮುಚ್ಚಿತು. ಅಮೆರಿಕದ ಆದೇಶದಲ್ಲಿ ಒಂದು ಸ್ವಾರಸ್ಯ ಇದೆ. ಅದು ನೆಲದ ಗಡಿಗೆ ಮಾಡಿದ ಆದೇಶ. ವಿಮಾನಕ್ಕೆ, ಸರಕು ರೈಲಿಗೆ, ಸಮುದ್ರ ಪ್ರಯಾಣಕ್ಕೆ ಅನ್ವಯಿಸುವುದಿಲ್ಲ ಎಂದಿತ್ತು. ಆದರೆ ವಿಹಾರ ದೋಣಿಗೆ ಅನ್ವಯಿಸುತ್ತದೆ ಎಂದಿತ್ತು! ಕಾನೂನಿನ ಕಣ್ಣಿಗೆ ದೋಣಿ ಅಲ್ಲಿ ಕಾರಿನ ಸಾಲಿಗೆ ಸೇರಿತ್ತು. ಹಾಗಾಗಿ ಕೆನಡಾದವರು ವಿಮಾನ ಹತ್ತಿ ಅಮೆರಿಕಕ್ಕೆ ಹೋಗಬಹುದಿತ್ತು, ಅರ್ಧ ಗಂಟೆಯ ದೋಣಿ ಪ್ರಯಾಣ ಮಾಡುವಂತಿರಲಿಲ್ಲ.

ಕೆನಡಾ ಕಡೆ ನಿಯಮ ಹೀಗಿತ್ತು: ಅಮೆರಿಕದ ದೋಣಿ ನಮ್ಮ ನೀರಿನಲ್ಲಿ ಹಾದುಹೋಗಬಹುದು, ಆದರೆ ದಡ ಮುಟ್ಟಬಾರದು, ಲಂಗರು ಹಾಕಬಾರದು, ಇನ್ನೊಂದು ದೋಣಿಗೆ ತಾಗಿ ನಿಲ್ಲಬಾರದು. ಮೇಲೆ ಹೇಳಿದ ನಿರುಪದ್ರವಿ ಸಂಚಾರ ಇದೇ. ಕ್ವಾರಂಟೈನ್ ಕಾಯ್ದೆ ಮುರಿದರೆ 7,50,000 ಕೆನಡಾ ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ವಾಷಿಂಗ್ಟನ್ ರಾಜ್ಯದಿಂದ ಅಲಾಸ್ಕಾಕ್ಕೆ ಹೋಗುವ ದೋಣಿಗಳು ಕೆನಡಾದ ಬ್ರಿಟಿಷ್ ಕೊಲಂಬಿಯಾದ ತೀರದುದ್ದಕ್ಕೂ ಸಾಗಬೇಕು. ಮನೆಗೋ ಕೆಲಸಕ್ಕೋ ಹೋಗುವವರಿಗೆ ದಾರಿ ಇತ್ತು, ರಜೆ ಕಳೆಯಲು ಹೋಗುವವರಿಗೆ ಇರಲಿಲ್ಲ. ಅಲಾಸ್ಕಾಕ್ಕೆ ಎಂದು ಹೇಳಿ, ಎಐಎಸ್ ಆಫ್ ಮಾಡಿ, ಕೆನಡಾದ ಕೊಲ್ಲಿಗಳಲ್ಲೇ ಸುತ್ತುತ್ತಿದ್ದಾರೆ ಎಂದು ಸ್ಥಳೀಯರು ದೂರಿದರು. ಎಐಎಸ್ ಅಂದರೆ ದೋಣಿ ಎಲ್ಲಿದೆ ಎಂದು ರೇಡಿಯೋ ಮೂಲಕ ಸುತ್ತಲಿನವರಿಗೆ ಹೇಳುತ್ತಲೇ ಇರುವ ಉಪಕರಣ.

ಗ್ರೇಟ್ ಲೂಪ್ ಮಾಡುವವರ ಪಾಡು ಇನ್ನೊಂದು. ಅಮೆರಿಕದ ಪೂರ್ವ ಭಾಗವನ್ನು ಕರಾವಳಿ, ಕಾಲುವೆ, ಸರೋವರ, ನದಿಗಳ ಮೂಲಕ ಸುತ್ತುವ ಸುಮಾರು 9,600 ಕಿಲೋಮೀಟರ್ ದಾರಿ ಇದು. ಬಹಳ ಜನ ಕೆನಡಾದ ಟ್ರೆಂಟ್–ಸೆವರ್ನ್ ಜಲಮಾರ್ಗದ 386 ಕಿಲೋಮೀಟರ್ ಹಾದಿಯನ್ನು ಸೇರಿಸಿಕೊಳ್ಳುತ್ತಾರೆ, ಈ ಸುತ್ತಿನ ಚೆಂದದ ಭಾಗಗಳಲ್ಲಿ ಅದೂ ಒಂದು ಎಂಬ ಕಾರಣಕ್ಕೆ. ಗಡಿ ಮುಚ್ಚಿದಾಗ ಅವರು ಎರಿ ಕಾಲುವೆಯನ್ನು ಪೂರ್ತಿ ಪಶ್ಚಿಮಕ್ಕೆ ಹಿಡಿದು, ಎರಿ ಸರೋವರ ದಾಟಿ ಅಮೆರಿಕದ ಕಡೆಯಲ್ಲೇ ಸುತ್ತಿ ಹೋದರು. ಇಲ್ಲಿ ಪರ್ಯಾಯ ದಾರಿ ಇತ್ತು ಎಂಬುದೇ ದೊಡ್ಡ ಪುಣ್ಯ.

ಮತ್ತೆ ತೆರೆಯುವಾಗಲೂ ಎರಡೂ ಕಡೆ ಒಟ್ಟಿಗೆ ತೆರೆಯಲಿಲ್ಲ. ಪೂರ್ಣ ಲಸಿಕೆ ಪಡೆದ ಅಮೆರಿಕನ್ನರಿಗೆ ಕೆನಡಾ 2021ರ ಆಗಸ್ಟ್ 9ರಂದು ತೆರೆಯಿತು. ಅಮೆರಿಕ ತನ್ನ ನೆಲದ ಗಡಿಯನ್ನು ಲಸಿಕೆ ಪಡೆದವರಿಗೆ ತೆರೆದದ್ದು ನವೆಂಬರ್ 8ರಂದು. ನಡುವಿನ ಮೂರು ತಿಂಗಳು, ಅದೂ ಬೇಸಿಗೆ ಮುಗಿಯುವ ತಿಂಗಳು, ಒಂದು ಕಡೆಯವರಿಗೆ ಮಾತ್ರ ನೀರು ತೆರೆದಿತ್ತು.

ಗಡಿ ಎಂದರೆ ದೇಶದ ಗಡಿಯೇ ಆಗಬೇಕಿಲ್ಲ. ಆಸ್ಟ್ರೇಲಿಯಾದಲ್ಲಿ ರಾಜ್ಯಗಳೇ ಒಂದಕ್ಕೊಂದು ಬಾಗಿಲು ಹಾಕಿದ್ದವು. 1945ರಿಂದ ಒಂದು ವರ್ಷವೂ ತಪ್ಪದ ಸಿಡ್ನಿ–ಹೋಬಾರ್ಟ್ ಹಾಯಿದೋಣಿ ಸ್ಪರ್ಧೆ 2020ರಲ್ಲಿ ಮೊದಲ ಬಾರಿಗೆ ರದ್ದಾಯಿತು. ಸಿಡ್ನಿಯಲ್ಲಿ ಸೋಂಕು ಕಾಣಿಸಿಕೊಂಡು, ಹೋಬಾರ್ಟ್ ಇರುವ ಟಾಸ್ಮೇನಿಯಾ ರಾಜ್ಯ ಕ್ವಾರಂಟೈನ್ ಕಡ್ಡಾಯ ಮಾಡಿದ್ದರಿಂದ, ಶುರುವಿಗೆ ಒಂದೇ ವಾರ ಇರುವಾಗ ಇದು ನಡೆಯಿತು.

ದೋಣಿ ಅಲ್ಲಿ, ಮಾಲೀಕ ಇಲ್ಲಿ

ಬಹಳ ಜನ ದೋಣಿಯನ್ನು ದೂರದ ದೇಶದ ಯಾರ್ಡಿನಲ್ಲಿ ಬಿಟ್ಟು ಕೆಲವು ತಿಂಗಳು ಮನೆಗೆ ಹೋಗಿ ಬರುತ್ತಾರೆ. ಹೀಗೆ ಹೋದವರು 2020ರಲ್ಲಿ ವಾಪಸ್ ಬರಲಾಗಲಿಲ್ಲ. ಬಾಡಿಗೆ ಏರುತ್ತಲೇ ಇತ್ತು. ಬ್ಯಾಟರಿ ಸತ್ತವು, ಹಾಯಿಗೆ ಬೂಷ್ಟು ಹಿಡಿಯಿತು.

ಇದರ ಜೊತೆ ಗಡುವಿನ ತಲೆನೋವು. ಐರೋಪ್ಯ ಒಕ್ಕೂಟದ ಹೊರಗಿನವರು ತಮ್ಮ ದೋಣಿಯನ್ನು ತೆರಿಗೆ ಕಟ್ಟದೆ ಒಕ್ಕೂಟದೊಳಗೆ 18 ತಿಂಗಳು ಇಡಬಹುದು. ಆದರೆ ವೀಸಾ ಇಲ್ಲದೆ ಅವರು ಸ್ವತಃ ಷೆಂಗೆನ್ ದೇಶಗಳಲ್ಲಿ (ತಮ್ಮತಮ್ಮ ನಡುವೆ ಗಡಿ ತಪಾಸಣೆ ತೆಗೆದುಹಾಕಿದ ಯುರೋಪಿನ ದೇಶಗಳು) ಇರಬಹುದಾದದ್ದು ಪ್ರತಿ 180 ದಿನಕ್ಕೆ 90 ದಿನ ಮಾತ್ರ. ದೋಣಿಗೆ ಒಂದು ಗಡಿಯಾರ, ಮಾಲೀಕನಿಗೆ ಇನ್ನೊಂದು. ಮಾಮೂಲಿಯಾಗಿ 90 ದಿನ ಮುಗಿಯುವ ಹೊತ್ತಿಗೆ ಟರ್ಕಿಗೋ ಮಾಂಟೆನೆಗ್ರೋಗೋ ದೋಣಿ ಓಡಿಸಿ ಲೆಕ್ಕ ಸರಿ ಮಾಡಿಕೊಳ್ಳುತ್ತಿದ್ದರು. ಆ ದೇಶಗಳೂ ಮುಚ್ಚಿದಾಗ ಹೊರಗೆ ಹೋಗುವುದೆಲ್ಲಿಗೆ? ಹಲವು ದೇಶಗಳು ಸಿಕ್ಕಿಬಿದ್ದವರಿಗೆ ಗಡುವು ವಿಸ್ತರಿಸಿದವು. ಆದರೆ ಹೆಚ್ಚಿನ ಕಡೆ ಅದು ತಾನಾಗಿ ಸಿಗುತ್ತಿರಲಿಲ್ಲ, ಕೇಳಿ ಬರೆಸಿಕೊಳ್ಳಬೇಕಿತ್ತು.

ಜೀವಕ್ಕೆ ಕುತ್ತು ಬಂದರೆ?

ದೋಣಿ ಮುಳುಗುವ ಹಾಗಿದ್ದರೆ, ಒಳಗಿನವರ ಜೀವ ಅಪಾಯದಲ್ಲಿದ್ದರೆ, ಯಾವ ದೇಶದ ಆಸರೆಯನ್ನಾದರೂ ಕೇಳಬಹುದು ಎಂಬುದು ಸಮುದ್ರದ ಹಳೆಯ ಕಟ್ಟಳೆ. ಹಾದುಹೋಗುವಾಗ ಅಪಾಯದ ಕಾರಣಕ್ಕೆ ನಿಲ್ಲಬಹುದು ಎಂದು 1982ರ ಒಪ್ಪಂದವೂ ಹೇಳುತ್ತದೆ. ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ ಪ್ರಕಾರವೂ ಆರೋಗ್ಯದ ನೆಪದಲ್ಲಿ ಹಡಗನ್ನು ಸುಮ್ನೆ ಅಟ್ಟುವಂತಿಲ್ಲ. ಈ ಬಂದರಿನಲ್ಲಿ ವ್ಯವಸ್ಥೆ ಇಲ್ಲದಿದ್ದರೆ ಹತ್ತಿರದ ಇನ್ನೊಂದಕ್ಕೆ ಹೋಗಲು ಹೇಳಬಹುದು, ಅಷ್ಟೇ. ಕಾಗದದ ಮೇಲೆ ಹೀಗಿದೆ. 2020ರಲ್ಲಿ ದೇಶಗಳು ತಮ್ಮ ತುರ್ತು ಕಾನೂನು ಹಿಡಿದೇ ನಡೆದವು.

ಆಸರೆ ಎಂಬುದು ಜೀವ ಉಳಿಸಲು, ತಂಗಲು ಅಲ್ಲ. ಆ ವರ್ಷ ಎಷ್ಟೋ ಬಂದರುಗಳಲ್ಲಿ ದೋಣಿಗೆ ನೀರು, ಡೀಸೆಲ್, ದಿನಸಿ ಕೊಟ್ಟು, ದಡಕ್ಕೆ ಕಾಲಿಡಲು ಬಿಡದೆ ಮುಂದೆ ಕಳಿಸಿದರು. ತೊಂದರೆ ಇಲ್ಲದೆ ತೊಂದರೆ ಎಂದು ಹೇಳಿ ನುಗ್ಗಿದವರು ದಂಡ ಕಟ್ಟಿದರು.

ಇನ್ನು ಮುಂದೆ ಯೋಜನೆ ಹಾಕುವವರಿಗೆ

ಕೋವಿಡ್‌ನ ಜಾಗತಿಕ ತುರ್ತು ಸ್ಥಿತಿ ಮುಗಿಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಹೇಳಿತು. 2024ರಲ್ಲಿ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳಿಗೆ ತಿದ್ದುಪಡಿ ಒಪ್ಪಿಗೆಯಾಯಿತು. 2025ರ ಸೆಪ್ಟೆಂಬರ್ 19ರಿಂದ ಅದು ಜಾರಿಯಲ್ಲಿದೆ. ಅದರಲ್ಲಿ ಸಾಂಕ್ರಾಮಿಕ ತುರ್ತುಸ್ಥಿತಿ ಎಂಬ ಹೊಸ ಹಂತವೇ ಇದೆ. ಆದರೆ ಗಡಿ ಮುಚ್ಚುವ ಅಧಿಕಾರ ಇಂದಿಗೂ ಆಯಾ ದೇಶದ ಕೈಯಲ್ಲೇ ಇದೆ.

ಹಾಗಾಗಿ ಮತ್ತೊಂದು ರೋಗದ ಸುದ್ದಿ ಬಂದರೆ ಮೊದಲು ನೋಡಬೇಕಾದದ್ದು ಭೂಪಟವನ್ನಲ್ಲ, ಕ್ಯಾಲೆಂಡರನ್ನು. ಇವತ್ತು ಹೊರಟರೆ ತಲುಪುವುದು ಯಾವಾಗ, ಆ ತಿಂಗಳು ಅಲ್ಲಿ ಬಿರುಗಾಳಿಯ ಕಾಲವಾ, ಅಲ್ಲಿ ಬಿಡದಿದ್ದರೆ ಅದೇ ಗಾಳಿಯಲ್ಲಿ ಮುಟ್ಟಬಹುದಾದ ಎರಡನೇ ದೇಶ ಯಾವುದು? ಎರಡನೇ ದೇಶ ಗಾಳಿಗೆ ಎದುರಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಹೊರಡದೆ ಇರುವುದೂ ಒಂದು ನಿರ್ಧಾರವೇ. 2020ರ ಮಾರ್ಚ್ ಎರಡನೇ ವಾರದಲ್ಲಿ ಪನಾಮಾದಲ್ಲೇ ಉಳಿದವರು ಮುಂದೆ ತಿಂಗಳುಗಟ್ಟಲೆ ಅಲ್ಲೇ ಕೂತರು ನಿಜ, ಆದರೆ ಕೂರಲು ಒಂದು ಜಾಗವಾದರೂ ಇತ್ತು.

ಅನುಮತಿ ಸಿಕ್ಕರೆ ಬರಹದಲ್ಲಿ ಇಟ್ಟುಕೊಳ್ಳಿ. ಫೋನ್‌ನಲ್ಲಿ ಬನ್ನಿ ಎಂದವರು ನೀವು ತಲುಪುವ ದಿನ ಪಾಳಿಯಲ್ಲಿ ಇರುವುದಿಲ್ಲ. ದೋಣಿಯಲ್ಲಿ ಬೇರೆ ಬೇರೆ ದೇಶದ ಪಾಸ್‌ಪೋರ್ಟ್ ಇರುವವರಿದ್ದರೆ ಒಬ್ಬೊಬ್ಬರ ನಿಯಮವನ್ನೂ ಪ್ರತ್ಯೇಕ ನೋಡಬೇಕು. ಒಬ್ಬರಿಗೆ ಇಲ್ಲ ಎಂದರೆ ಇಡೀ ದೋಣಿ ಹೊರಗೇ ನಿಲ್ಲುತ್ತದೆ. ವಿಮೆಯ ಕಾಗದದಲ್ಲಿ ಬಿರುಗಾಳಿಯ ಪಟ್ಟಿ, ತಾರೀಖು ಎರಡನ್ನೂ ಓದಿ. ಗಡಿ ಮುಚ್ಚಿದ್ದರಿಂದ ಪಟ್ಟಿಯೊಳಗೇ ಉಳಿಯಬೇಕಾದರೆ ಏನು ಎಂದು ಮೊದಲೇ ಕೇಳಿ ಉತ್ತರ ತರಿಸಿಕೊಳ್ಳಿ. ದಾರಿಯ ದಿನಚರಿ ಪುಸ್ತಕವನ್ನು ತಪ್ಪದೆ ಬರೆಯಿರಿ, ಎಐಎಸ್ ಆಫ್ ಮಾಡಬೇಡಿ. ಮೂರು ವಾರ ಎಲ್ಲೂ ನಿಲ್ಲಲಿಲ್ಲ ಎಂದು ಅಧಿಕಾರಿಯ ಮುಂದೆ ತೋರಿಸಲು ನಿಮ್ಮ ಕೈಯಲ್ಲಿ ಇರುವುದು ಇವೆರಡೇ.